ಎಡಗಣ್ಣಿನ ಬಣ್ಣ

ಬಲಗಣ್ಣಿನ ಪಟ್ಟಿ ಬಿಚ್ಚಿಸಿ ಮನೆಗೆ ಕರೆತಂದ ದಿನ ನಮ್ಮ ಮಾವನವರು ಬಾಗಿಲಲ್ಲೇ ನಿಂತು ನನ್ನ ಮಗಳನ್ನು ಬಹಳ ಹೊತ್ತು ನೋಡಿದರು. ಶಿವಾನಿ ಆಗಷ್ಟೇ ಶಾಲೆಯಿಂದ ಬಂದು ಬೂಟು ಬಿಚ್ಚುತ್ತಿದ್ದಳು.

“ಏನವ್ವಾ, ಹೊಸಾ ಅಂಗಿ ಹೊಲಿಸ್ಯಾರೇನು ನಿನಗ?”

“ಅಜ್ಜಾ, ಇದು ಹ್ವಾದ ವರ್ಷದ್ದು! ದಿನಾ ಇದನ್ನ ಹಾಕ್ಕೊಂಡು ಹೋಗ್ತೀನಿ.”

“ಇಷ್ಟು ನೀಲಿ ಇತ್ತೇನು?”

ಶಿವಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವನವರು ಒಳಗೆ ಬಂದು ಗೋಡೆಯನ್ನು ನೋಡಿದರು, ಬುಟ್ಟಿಯಲ್ಲಿದ್ದ ಜೋಳದ ರೊಟ್ಟಿಯನ್ನು ನೋಡಿದರು, ಆಮೇಲೆ ಒಲೆಯ ಮುಂದೆ ಕೂತಿದ್ದ ಅತ್ತೆ ಗೌರಾಬಾಯಿಯನ್ನು ನೋಡಿದರು.

“ನಿನ್ನ ಕೂದಲಾ ಇಷ್ಟು ಬೆಳ್ಳಗ ಯಾವಾಗ ಆದ್ವು?”

“ನೀವು ಬೆಂಕಿ ನೋಡ್ಕೋತ ಕುಂತಾಗ,” ಎಂದರು ಅತ್ತೆ, ತಲೆ ಎತ್ತದೆ.

ಆ ದಿನ ನಾವೆಲ್ಲ ನಕ್ಕೆವು. ನಾನು ಎಲ್ಲರಿಗಿಂತ ಹೆಚ್ಚು ನಕ್ಕಿರಬೇಕು. ಏಕೆಂದರೆ ಆ ಆಪರೇಶನ್ನಿಗೆ ಹಟ ಹಿಡಿದವಳು ನಾನೇ. ಮಾವನವರು ಚಹಾ ಸೋಸುವಾಗ ಬಟ್ಟಲಿನ ಹೊರಗೆ ಹೊಯ್ಯುವುದನ್ನು, ಓಣಿಯ ಮೆಟ್ಟಿಲನ್ನು ಕಾಲಿನಿಂದ ತಡಕುವುದನ್ನು ಮೊದಲು ಗಮನಿಸಿದವಳೂ ನಾನೇ. ನನ್ನ ಸ್ವಭಾವವೇ ಹಾಗೆ. ಎಲ್ಲರೂ ಊಟಕ್ಕೆ ಕೂತಾಗ ಯಾರ ತಾಟಿನಲ್ಲಿ ಏನು ಉಳಿಯಿತು ಎಂದು ನೋಡುವವಳು ನಾನು. ‘ಮೋತಿಬಿಂದು’, ಅಂದರೆ ಕಣ್ಣಿನ ಪೊರೆ, ಎಂದು ಡಾಕ್ಟರು ಹೇಳಿದಾಗ, ಹೆಸರಿರುವ ಕಾಯಿಲೆಗೆ ಔಷಧವೂ ಇರುತ್ತದೆ ಎಂದು ಸಮಾಧಾನವಾಗಿತ್ತು. ಮೊದಲು ಬಲಗಣ್ಣು, ಅದು ಮಾಯ್ದ ಮೇಲೆ ಎಡಗಣ್ಣು ಎಂದು ಗೊತ್ತುಮಾಡಿದ್ದರು.

ನಾವು ಕಂಬಾರರು. ಮಾವ ಹೊಳಬಸಪ್ಪನವರು ಸಿಂದಗಿ ಕಡೆಯ ಹಳ್ಳಿಯಿಂದ ಮದುವೆಯಾದ ಹೊಸತರಲ್ಲೇ ಪುಣೆಗೆ ಬಂದು ಕ್ಯಾಂಪಿನ ಹಳೆಯ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಕುಲುಮೆ ಹೂಡಿದವರು. ತಗಡಿನ ಮಾಡು, ಒಂದೇ ಬಾಗಿಲು, ಕಿಟಕಿ ಇಲ್ಲ. ಇಷ್ಟು ಕತ್ತಲೆಯಲ್ಲಿ ಹೇಗೆ ಕೆಲಸ ಮಾಡುತ್ತಾರೆ ಎಂದು ಹೊಸದಾಗಿ ಮದುವೆಯಾಗಿ ಬಂದಾಗ ನಾನು ಗಾಬರಿಯಾಗಿದ್ದೆ. ಬೆಳಕಿನಲ್ಲಿ ಕಾದ ಕಬ್ಬಿಣದ ಬಣ್ಣ ಕಾಣುವುದಿಲ್ಲ, ಅದಕ್ಕೇ ಕತ್ತಲೆ ಎಂದು ನನ್ನ ಗಂಡ ಮಾಂತು ಹೇಳಿದ್ದರು. ಮೊದಮೊದಲು ಮಾವನವರು ಇಕ್ಕಳ ಹಿಡಿದರೆ ಚಮ್ಮಟಿಗೆ ಬೀಸುತ್ತಿದ್ದವರು ಅತ್ತೆ. ಮಾಂತು ಹತ್ತನೇ ಇಯತ್ತೆ ಮುಗಿಸಿದ ಮೇಲೆ ಚಮ್ಮಟಿಗೆ ಅವರ ಕೈಗೆ ಬಂತು. ಈಗ ಅವರ ಮೀಸೆಯಲ್ಲೂ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು.

ಆ ಹೊತ್ತಿಗೆ, ಎರಡು ಸಾವಿರದ ನಾಲ್ಕರ ಸುಮಾರಿಗೆ, ಖರಾಡಿಯಲ್ಲೂ ಹಿಂಜವಾಡಿಯಲ್ಲೂ ನೆಲ ಅಗೆಯದ ಜಾಗವೇ ಇರಲಿಲ್ಲ. ಕಲ್ಲು, ಕಾಂಕ್ರೀಟು ಒಡೆಯುವ ಚಾಣಗಳು, ಹಾರೆ, ಗುದ್ದಲಿ ಎಲ್ಲ ಚೀಲಗಟ್ಟಲೆ ನಮ್ಮ ಕಡೆ ಬರುತ್ತಿದ್ದವು. ಮೊಂಡಾದ ಚಾಣವನ್ನು ಕಾಸಿ, ಬಡಿದು, ಮೂತಿ ಮಾಡುವುದನ್ನು ಬಡಿಯಬಲ್ಲ ಯಾರಾದರೂ ಕಲಿಯಬಹುದು. ಕಷ್ಟವಿರುವುದು ಆಮೇಲೆ, ‘ನೀರು ಕೊಡುವ’ ಕೆಲಸದಲ್ಲಿ. ಕೆಂಪಗೆ ಕಾದ ಚಾಣದ ಮೂತಿಯನ್ನಷ್ಟೇ ನೀರಿಗೆ ಮುಟ್ಟಿಸಿ ಎತ್ತಬೇಕು. ಇಟ್ಟಂಗಿಯ ಚೂರಿನಿಂದ ಉಜ್ಜಿದರೆ ಮೂತಿ ಬೆಳ್ಳಗೆ ಹೊಳೆಯುತ್ತದೆ. ಹಿಂದಿನ ಕಾವು ಮುಂದಕ್ಕೆ ಹರಿದು ಬರುವಾಗ ಆ ಬಿಳಿಯ ಮೇಲೆ ಹಳದಿ, ಕಂದು, ನೇರಳೆ, ನೀಲಿ ಬಣ್ಣಗಳು ಒಂದರ ಹಿಂದೊಂದು ನಡೆದು ಬರುತ್ತವೆ. ಬೇಕಾದ ಬಣ್ಣ ತುದಿಗೆ ಬಂದ ಗಳಿಗೆಯಲ್ಲಿ ಪೂರ್ತಿ ಅದ್ದಿಬಿಡಬೇಕು. ಬೇಗ ಅದ್ದಿದರೆ ಚಾಣ ಗಾಜಿನಂತೆ ಒಡೆಯುತ್ತದೆ, ತಡವಾದರೆ ಮೇಣದಂತೆ ಬಾಗುತ್ತದೆ. ಆ ಗಳಿಗೆ ಯಾವುದು ಎನ್ನುವುದು ಮಾವನವರ ಕಣ್ಣಿಗೆ ಮಾತ್ರ ಗೊತ್ತು ಎಂಬುದು ನಮ್ಮ ಅಂಗಡಿಯ ಕಾನೂನು. ಮಾಂತು ಕಾಸುತ್ತಿದ್ದರು, ಬಡಿಯುತ್ತಿದ್ದರು. ನೀರು ಮಾವನವರದು.

ನಾನು ಕ್ಯಾಂಪಿನಲ್ಲೇ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಕುಲುಮೆಗೆ ಹೋಗುವುದು, ಮಾವನವರ ಕಣ್ಣಿಗೆ ಹನಿ ಹಾಕುವುದು ನನ್ನ ಪಾಲಿಗೆ ಬಂತು. ಅತ್ತೆಯ ಕೈ ನಡುಗುತ್ತಿತ್ತು. ಮಾಂತುವಿನ ಬೆರಳು ಬಹಳ ಒರಟು. ಮಾವನವರ ಮುಂದೆ ಸೆರಗು ಹೊದ್ದುಕೊಂಡೇ ಇರುವ ಸೊಸೆ ನಾನು. ಅವರ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿಯುವುದೆಂದರೆ ಇಬ್ಬರಿಗೂ ಸಂಕೋಚ. ಅವರು ತಗಡಿನ ಮಾಡನ್ನು ನೋಡುತ್ತ ಕಲ್ಲಿನಂತೆ ಕೂರುತ್ತಿದ್ದರು. ಹನಿ ಬಿದ್ದ ಮೇಲೆ, “ಆತೇನು ತಂಗಿ?” ಎಂದು ಕೇಳುತ್ತಿದ್ದರು, ಪ್ರತಿ ಸಲವೂ, ಹೊಸದಾಗಿ ಕೇಳುವಂತೆ.

ಡಾಕ್ಟರು ಬೆಂಕಿಯ ಮುಂದೆ ಕೂರಲು ಒಪ್ಪಿಗೆ ಕೊಟ್ಟ ಮೇಲೆ ಮಾವನವರು ಮತ್ತೆ ತಮ್ಮ ಮಣೆಯ ಮೇಲೆ ಕೂತರು. ಕರಿಯ ಕನ್ನಡಕ ಹಾಕಿಕೊಂಡು ಕೆಲಸ ಮಾಡಿರಿ ಎಂದು ನಾನು ಹೇಳಿದ್ದೆ. ಅದನ್ನು ಕೊಕ್ಕೆಗೆ ನೇತುಹಾಕಿ ಕೆಲಸ ಮಾಡಿದರು.

ಒಂದು ವಾರ ಕಳೆದಿರಬೇಕು. ನಾನು ಡಬ್ಬಿ ಬಿಚ್ಚುತ್ತಿದ್ದಾಗ ಗುರಣ್ಣ ಬಂದ. ಯಾದಗಿರಿ ಕಡೆಯವನು, ಖರಾಡಿಯ ಒಂದು ಕಟ್ಟಡದಲ್ಲಿ ಕಾಂಕ್ರೀಟು ಒಡೆಯುವ ಆಳುಗಳ ಮುಕ್ಕದಮ. ವರ್ಷಗಳಿಂದ ಅವನ ಚಾಣಗಳೆಲ್ಲ ನಮ್ಮಲ್ಲೇ. ಅವನು ಚೀಲವನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕ ಸುರಿದ.

“ಹೊಳಬಸಪ್ಪ ಕಾಕಾ, ಕಣ್ಣ ಹೊಸಾದು ಹಾಕಿಸ್ಕೊಂಡೀರಂತ, ಭಾಳ ಚಲೋ ಆತು. ಆದ್ರ ಚಾಣ ಯಾಕ ಗಾಜಿನವು ಮಾಡಿ ಕೊಟ್ಟೀರಿ?”

ಚಾಣಗಳ ಮೂತಿಗಳು ಮುರಿದಿದ್ದವು. ಒಂದಲ್ಲ, ಎಲ್ಲವೂ.

“ಕಾಂಕ್ರೀಟ್ ಮುಟ್ಟೂದs ತಡ, ಚಟ್ ಅಂತ ಹಾರ್ತಾವ ನೋಡ್ರಿ. ಒಂದು ಚೂರು ನಮ್ಮ ಸಾಬವ್ವನ ಗಲ್ಲಕ್ಕ ಬಡೀತು. ಬಟ್ಟಿನಷ್ಟು ಮ್ಯಾಲ ಬಡದಿತ್ತಂದ್ರ ಆಕಿನೂ ನಿಮ್ಮ ಜೋಡಿ ದವಾಖಾನಿಗೆ ಬರಬೇಕಿತ್ತು.”

ಅವನು ನಗುತ್ತ ಹೇಳಿದ, ಆದರೆ ಪೂರ್ತಿ ನಗಲಿಲ್ಲ. ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

“ನಂದು ತಪ್ಪು ಗುರಣ್ಣ,” ಎಂದರು ಮಾಂತು, ಚಮ್ಮಟಿಗೆ ಕೆಳಗಿಟ್ಟು. “ಗಡಿಬಿಡ್ಯಾಗ ಹೆಚ್ಚು ಕಾಸಿಬಿಟ್ಟೆ. ಕಬ್ಬಿಣ ಸುಟ್ಟಿರಬೇಕು.”

ಮಾವನವರು ಮುರಿದ ಚಾಣವೊಂದನ್ನು ಎತ್ತಿಕೊಂಡು ಬಾಗಿಲಿನ ಬೆಳಕಿಗೆ ಹೋದರು. ಮುರಿದ ಬಾಯಿಯನ್ನು ಬೆರಳಿನಿಂದ ಸವರಿ ನೋಡಿದರು. ನಾನೂ ಸ್ವಲ್ಪ ಬಾಗಿ ನೋಡಿದೆ. ಹೆಚ್ಚು ಕಾದು ಸುಟ್ಟ ಕಬ್ಬಿಣ ಮುರಿದರೆ ಒಳಗೆ ದಪ್ಪ ಸಕ್ಕರೆಯಂಥ ಹರಳು ಕಾಣುತ್ತದೆ. ಮದುವೆಯಾದ ಹೊಸತರಲ್ಲಿ ಮಾಂತು ನನಗೆ ಅದನ್ನು ತೋರಿಸಿದ್ದರು, ಬೇರೆ ಗಂಡಂದಿರು ಸಿನಿಮಾ ತೋರಿಸುವ ಹಾಗೆ. ಈ ಚಾಣದ ಒಳಗು ಹಾಗಿರಲಿಲ್ಲ. ಸಣ್ಣ ರವೆಯ ಹಾಗೆ ನುಣುಪಾಗಿತ್ತು. ಕಾಸಿದ್ದು ಸರಿಯಾಗಿತ್ತು. ತಪ್ಪಿದ್ದು ನೀರು, ಬೇಗ ಅದ್ದಿದ್ದು.

ನನಗೆ ಗೊತ್ತಾದದ್ದು ಮಾವನವರಿಗೆ ಗೊತ್ತಾಗದೆ ಇರುತ್ತದೆಯೇ? ಅವರು ಚಾಣವನ್ನು ಉಳಿದವುಗಳ ಜೊತೆ ಮೆಲ್ಲಗೆ ಇಟ್ಟರು, ಮಲಗಿದ ಮಗುವನ್ನು ಇಡುವ ಹಾಗೆ.

“ಬಿಟ್ಟು ಹೋಗು ಗುರಣ್ಣ. ನಾಳಿ ಸಂಜಿಕ ಬಾ,” ಎಂದರು. ಮಗನ ಕಡೆ ನೋಡಲಿಲ್ಲ. ಮಗನೂ ಅಪ್ಪನ ಕಡೆ ನೋಡಲಿಲ್ಲ.

ಊಟವಾದ ಮೇಲೆ ನಾನು ಡಬ್ಬಿ ತೊಳೆಯುವ ನೆಪದಲ್ಲಿ ಸ್ವಲ್ಪ ಹೊತ್ತು ನಿಂತೆ. ಮಾವನವರು ಒಂದು ಚಾಣದ ಮೂತಿ ನೀರಿಗೆ ಮುಟ್ಟಿಸಿ, ಉಜ್ಜಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡಗಣ್ಣು, ಮತ್ತೆ ಬಲಗಣ್ಣು. ಬಣ್ಣಗಳು ತುದಿ ದಾಟಿ ಹೋಗಿಬಿಟ್ಟವು, ಚಾಣ ಕೆಟ್ಟಿತು. ಅವರು ಅದ್ದಲೇ ಇಲ್ಲ.

ಮರುದಿನ ಬೆಳಿಗ್ಗೆ ನನ್ನ ಹತ್ತಿರ ಒಂದು ಕರಿಯ ಅರಿವೆ ಕೇಳಿದರು. ಕೈ ಒರೆಸಲಿಕ್ಕೆ ಇರಬೇಕು ಎಂದುಕೊಂಡು ಹಳೆಯ ಕುಬಸ ಹರಿದು ಕೊಟ್ಟೆ. ಮಧ್ಯಾಹ್ನ ಹೋಗಿ ನೋಡಿದರೆ ಅದನ್ನು ಬಲಗಣ್ಣಿಗೆ ಕಟ್ಟಿಕೊಂಡು, ಅದರ ಮೇಲೆ ರುಮಾಲು ಸುತ್ತಿ ಕೂತಿದ್ದಾರೆ.

“ಮಾವಾರ! ಇದೇನ್ರಿ? ಅದು ಚಲೋ ಕಣ್ಣು!”

“ಚಲೋ ಅದ, ಇಲ್ಲ ಅನ್ನೂದಿಲ್ಲ,” ಎಂದರು ಶಾಂತವಾಗಿ. “ಆದ್ರ ಹೊಸಾದು. ಇದಕ್ಕ ಇನ್ನೂ ಕೆಲಸ ಗೊತ್ತಿಲ್ಲ.”

ಎಡಗಣ್ಣಿಗೆ ಕೆಲಸ ಗೊತ್ತಿತ್ತು. ಚಾಣಗಳು ಮೊದಲಿನಂತೆ ಬಂದವು. ಗುರಣ್ಣ ಖುಷಿಯಾಗಿ ಚೀಲ ಹೊತ್ತು ಹೋದ. ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ. “ಊರ ಮಂದಿ ಕುರುಡ ಕಣ್ಣಿಗೆ ಪಟ್ಟಿ ಕಟ್ತಾರ. ನಮ್ಮ ಮನ್ಯಾಗ ಕಾಣೂ ಕಣ್ಣಿಗೆ ಕಟ್ಟೂ ಪದ್ಧತಿ,” ಎಂದು ಬಂದವರಿಗೆಲ್ಲ ಹೇಳಿದರು.

ತಪಾಸಣೆಗೆ ಹೋದಾಗ ಡಾಕ್ಟರಮ್ಮ ಮರಾಠಿಯಲ್ಲಿ ನನಗೆ ಎಲ್ಲ ಬಿಡಿಸಿ ಹೇಳಿದರು. ಕಣ್ಣಿನ ಪೊರೆಗೆ ಹಳದಿ ಬಣ್ಣ ಇರುತ್ತದಂತೆ. ಅದು ವರ್ಷ ವರ್ಷ ಮೆಲ್ಲಗೆ ದಟ್ಟವಾಗುತ್ತದಂತೆ. ಮಾವನವರು ಎಷ್ಟೋ ಕಾಲದಿಂದ ಜಗತ್ತನ್ನು ಚಹಾದ ಒಳಗಿನಿಂದ ನೋಡುತ್ತಿದ್ದರು. ಅವರ ಕೈ ಆ ಬಣ್ಣಕ್ಕೇ ಒಗ್ಗಿ ಹೋಗಿತ್ತು. ಹೊಸ ಕಣ್ಣಿಗೆ ನೀಲಿ ಬೇಗ ಕಂಡಿತು, ಬೇಗ ಅದ್ದಿದರು. ಡಾಕ್ಟರು ಇನ್ನೊಂದು ಮಾತೂ ಹೇಳಿದರು. ಎಡಗಣ್ಣಿನ ಪೊರೆ ಬಲಿಯುತ್ತಿದೆ, ಈ ತಿಂಗಳೇ ತೆಗೆಸಿರಿ, ಬಿಟ್ಟರೆ ಕಣ್ಣೇ ಹೋಗಬಹುದು.

“ಬ್ಯಾಡ,” ಎಂದರು ಮಾವನವರು.

ನಾನು ಅದನ್ನು ಡಾಕ್ಟರಿಗೆ ಮರಾಠಿಯಲ್ಲಿ ಹೇಳಬೇಕಾಯಿತು. ಹೇಗೆ ಹೇಳಿದರೂ ಅದು ಬೇಡವೆಂದೇ ಆಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವರು ಮೆಲ್ಲಗೆ ಕೇಳಿದರು, “ತಂಗಿ, ಇದನ್ನೂ ತೆಗದ್ರ ನಾ ಅಲ್ಲಿ ಕುಂತು ಏನ ನೋಡ್ಲಿ?”

ನಾನು ಔಷಧದ ಚೀಟಿಯನ್ನು ಮಡಿಸಿ ಚೀಲದಲ್ಲಿಟ್ಟೆ.

ಅಂದು ಸಂಜೆ ಮಾಂತು ನಲ್ಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೈಯ ಮಸಿ ತೊಳೆಯುತ್ತಿದ್ದರು. ನಾನು ಪಕ್ಕದಲ್ಲಿ ಟವೆಲ್ಲು ಹಿಡಿದು ನಿಂತೆ. ಕೇಳಬೇಕೋ ಬೇಡವೋ ಎಂದು ಸಾಬೂನು ಎರಡು ಸಲ ಕೈ ಬದಲಿಸುವ ತನಕ ಯೋಚಿಸಿದೆ.

“ಒಂದು ಕೇಳಲೇನ್ರಿ? ನಿಮಗ ಆ ಬಣ್ಣ ಕಾಣ್ತದೋ ಇಲ್ಲೋ?”

“ಕಾಣ್ತದ.”

“ಯಾವಾಗಿಂದ?”

“ಮೀಸಿ ಬಂದಾಗಿಂದ.” ಅವರು ನಕ್ಕರು. “ಅಪ್ಪ ಅದ್ದೂಕಿಂತ ಒಂದು ಉಸಿರು ಮೊದಲ ಒಳಗಿಂದೊಳಗ ನಾ ಅದ್ದಿಬಿಟ್ಟಿರ್ತೀನಿ.”

“ಅಂದ್ರ ಆ ವಾರ ಬಣ್ಣ ಬರೂಕಿಂತ ಮೊದಲ ಅದ್ದಾಕತ್ತಾರಂತ ನಿಮಗ ಗೊತ್ತಿತ್ತು.”

ಅವರು ಉಗುರಿನ ಸಂದಿಯ ಮಸಿ ಉಜ್ಜಿದರು.

“ಗುರಣ್ಣನ ಮುಂದ ಸುಳ್ಳ ಯಾಕ ಹೇಳಿದ್ರಿ?”

“ಮತ್ತ ಏನ ಹೇಳ್ಲಿ? ನಮ್ಮಪ್ಪಗ ಬಣ್ಣ ಕಾಣೂದಿಲ್ಲ ಅಂತ ಹೇಳ್ಲೇನು?”

“ಮಾವಾರನ್ನ ಕೇಳ್ರಿ. ನಾ ಕೊಡ್ತೀನಿ ನೀರು, ನೀವು ಕಣ್ಣು ಮಾಡಿಸ್ಕೋರಿ ಅನ್ರಿ.”

ಅವರು ನಲ್ಲಿ ಬಂದ್ ಮಾಡಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಮಗುವೊಂದು ಕೇಳಬಾರದ್ದನ್ನು ಕೇಳಿದಾಗ ನೋಡುವಂತೆ ನೋಡಿದರು.

“ನೀರು ಕೇಳಿ ಇಸ್ಕೊಳ್ಳೂದಲ್ಲ, ಪಂಕಜಾ. ಅವರಾಗಿ ಮಣಿ ಬಿಟ್ಟು ಏಳಬೇಕು. ನಾ ಕೇಳಿದ್ರ, ಯಪ್ಪಾ ನೀ ಯಾವಾಗ ಹೋಗ್ತಿ ಅಂತ ಕೇಳಿದಂಗ.”

ಒಳಗಿನಿಂದ ಅತ್ತೆಯ ದನಿ ಬಂತು. “ನಿನ್ನ ಮಾವಾರ ಕಾಕಾ ತಮ್ಮಪ್ಪಗ ನೀರು ಕೇಳಿದ್ದ ಒಮ್ಮೆ. ಊರಾಗ. ಅದೇ ವರ್ಷ ಮುದುಕ ಹಾಸಿಗಿ ಹಿಡದ.” ಸ್ವಲ್ಪ ತಡೆದು, “ವಯಸ್ಸಾಗಿತ್ತು, ಹಿಡದ. ಆದ್ರ ಆ ಕಾಕಾ ಸಾಯೂ ತನಕ ಕುಲಮಿ ಮುಟ್ಟಲಿಲ್ಲ.”

ನನಗೆ ಆಗ ಅರ್ಥವಾಯಿತು. ಅಪ್ಪ ಕೊಡುವುದಿಲ್ಲ ಎಂದಲ್ಲ; ಕೊಟ್ಟ ಮೇಲೆ ತಾವು ಎಲ್ಲಿ ಕೂರಬೇಕೆಂದು ಅವರಿಗೆ ಗೊತ್ತಿಲ್ಲ. ಮಗ ಬೇಡವೆನ್ನುತ್ತಿಲ್ಲ, ಬೇಕು ಎನ್ನುವ ಬಾಯಿಲ್ಲ. ಇಬ್ಬರ ನಡುವೆ ಒಂದು ಕಣ್ಣು ದಿನದಿನಕ್ಕೂ ಮಬ್ಬಾಗುತ್ತಿದೆ. ಆದರೆ ನಾನು ಕುಲುಮೆಯ ಮಗಳಲ್ಲ. ನಮ್ಮಪ್ಪ ಅಂಚೆ ಕಚೇರಿಯಲ್ಲಿದ್ದವರು. ನೀರು ಕೇಳಬಾರದೆಂಬ ಕಟ್ಟು ಮಗನಿಗೆ, ಸೊಸೆಗಲ್ಲ. ಮತ್ತು ನಾನು ನೀರನ್ನೇ ಕೇಳಬೇಕಾಗಿಯೂ ಇರಲಿಲ್ಲ.

ಏನು ಹೇಳಬೇಕೆಂದು ಟೈಪಿಂಗ್ ಮಾಡುತ್ತ, ಬಸ್ಸಿಗೆ ಕಾಯುತ್ತ, ಹಿಟ್ಟು ನಾದುತ್ತ ಮನಸ್ಸಿನಲ್ಲೇ ಕೂಡಿಸಿದೆ, ಅಳಿಸಿದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೂ ಇಷ್ಟು ತಯಾರಿ ಮಾಡಿರಲಿಲ್ಲ. ಈ ನಡುವೆ ಮಾವನವರ ಎಡಗಣ್ಣು ಇನ್ನಷ್ಟು ಕೆಟ್ಟಿತು. ಪಟ್ಟಿ ಕಟ್ಟಿಕೊಂಡಾಗ ಪಕ್ಕದಲ್ಲೇ ಇದ್ದ ಇಕ್ಕಳಕ್ಕೆ ತಡಕಾಡುತ್ತಿದ್ದರು. ಮಾಂತು ಯಾರಿಗೂ ಕಾಣದ ಹಾಗೆ ಕಾಲಿನಿಂದ ಇಕ್ಕಳವನ್ನು ಅವರ ಕೈಯ ಹತ್ತಿರ ಸರಿಸುತ್ತಿದ್ದರು.

ಒಂದು ಮಧ್ಯಾಹ್ನ ಮಾಂತು ಇದ್ದಿಲು ತರಲು ಹೋಗಿದ್ದರು. ನಾನು ಮಾವನವರ ಪಟ್ಟಿ ಬಿಚ್ಚಿ, ರೆಪ್ಪೆ ಬಿಡಿಸಿ ಹಿಡಿದೆ. ಹಾಗೆ ಹಿಡಿದಾಗ ಅವರು ಎದ್ದು ಹೋಗುವಂತಿರಲಿಲ್ಲ.

“ಮಾವಾರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.”

“ಕಣ್ಣ ನಿನ್ನ ಕೈಯಾಗ ಅದ. ಹೆಂಗ ಸಿಟ್ಟಾಗಲಿ?”

“ಈ ಕಣ್ಣಿಗೆ ಕೆಲಸ ಗೊತ್ತಿಲ್ಲ ಅಂದ್ರಿ. ಗೊತ್ತಿಲ್ಲಂದ್ರ ಕಲಿಸಬೇಕಲ್ರಿ.”

“ಯಾರ ಕಲಿಸಬೇಕು?”

“ಬಣ್ಣ ಗೊತ್ತಿದ್ದವರು.”

ಹನಿ ಬಿತ್ತು. ಅವರು ಕಣ್ಣು ಮುಚ್ಚಿದರು. ಹೆಚ್ಚಾದ ಔಷಧ ಕೆನ್ನೆಯ ಮೇಲೆ ಇಳಿಯಿತು.

“ಮಗನ ಕಡೆ ಕಲಿ ಅಂತೀ?”

“ಬಣ್ಣ ಅಷ್ಟ ರೀ. ಉಳಿದಿದ್ದೆಲ್ಲಾ ನಿಮ್ಮದ ಅದ.” ನನ್ನ ದನಿ ಸಣ್ಣದಾಯಿತು. ಕೂಡಿಸಿಟ್ಟ ಉಳಿದ ಮಾತುಗಳೆಲ್ಲ ಮರೆತುಹೋದವು.

ಅವರು, “ಆತೇನು ತಂಗಿ?” ಎಂದು ಕೇಳಲಿಲ್ಲ. ಎದ್ದು, ಕರಿಯ ಅರಿವೆ ಕೊಡವಿ, ಮತ್ತೆ ಕಟ್ಟಿಕೊಂಡರು.

ಆ ಮಧ್ಯಾಹ್ನ ಆಫೀಸಿನಲ್ಲಿ ನಾನು ಒಂದೇ ಕಾಗದವನ್ನು ಮೂರು ಸಲ ತಪ್ಪಾಗಿ ಟೈಪು ಮಾಡಿದೆ. ಮನೆಯಲ್ಲಿ ಮಾವನವರು ಊಟ ಮಾಡಿದರು, ಮಲಗಿದರು. ಮಾತಾಡಲಿಲ್ಲ. ಮರುದಿನವೂ ಇಲ್ಲ. ಕೆಲವು ಮಾತುಗಳನ್ನು ಆಡಿದ ಮೇಲೆ ಅವು ನಮ್ಮವಾಗಿ ಉಳಿಯುವುದಿಲ್ಲ. ಅವರ ಒಳಗೆ ಅದು ಏನಾಗಿ ಬೆಳೆಯುತ್ತಿದೆಯೋ ಎಂದು ಹೆದರಿಕೊಂಡೇ ಇದ್ದೆ.

ಮೂರನೆಯ ದಿನ ಡಬ್ಬಿ ಹಿಡಿದು ಹೋದಾಗ ಗುರಣ್ಣ ಬಾಗಿಲಿನ ಕಟ್ಟೆಯ ಮೇಲೆ ಕೂತಿದ್ದ. ಅವಸರದಲ್ಲಿದ್ದ. ಖರಾಡಿಯಲ್ಲಿ ಕೆಲಸ ನಿಂತಿದೆ, ಚಾಣ ಒಯ್ಯದೆ ಹೋದರೆ ಇಂಜಿನಿಯರ್ ತನ್ನನ್ನೇ ಕಾಂಕ್ರೀಟಿಗೆ ಬಡಿಯುತ್ತಾನೆ ಎಂದ. ಒಳಗೆ ಮಾಂತು ಬಡಿದು ಮುಗಿಸಿದ ಚಾಣಗಳು ಸಾಲಾಗಿ ಬಿದ್ದಿದ್ದವು. ಮಾವನವರು ಮಣೆಯ ಮೇಲೆ ಕೂತು ಒಂದನ್ನು ಬೆಂಕಿಯಿಂದ ತೆಗೆದು, ಮೂತಿ ಮುಟ್ಟಿಸಿ, ಇಟ್ಟಂಗಿಯಿಂದ ಉಜ್ಜಿ ಎತ್ತಿ ಹಿಡಿದರು. ಎಡಗಣ್ಣಿನ ತೀರ ಹತ್ತಿರ ತಂದರು. ಇನ್ನೂ ಹತ್ತಿರ ತಂದರು. ಹುಬ್ಬಿನ ಕೂದಲು ಸುಟ್ಟ ವಾಸನೆ ಬಂತು.

ನಾನು ಡಬ್ಬಿಯನ್ನು ಎದೆಗೆ ಒತ್ತಿಕೊಂಡೆ. ಚಾಣದ ತುದಿ ನನ್ನ ಕಣ್ಣೆದುರೇ ನೀಲಿಯಾಗಿ, ಬೂದಿಯಾಗಿ ಸತ್ತುಹೋಯಿತು. ಮಾವನವರು ಇನ್ನೂ ನೋಡುತ್ತಲೇ ಇದ್ದರು.

“ಹೋತೇನು?” ಎಂದು ಕೇಳಿದರು ಕೊನೆಗೆ.

ಗುರಣ್ಣ ತನ್ನ ಖಾಲಿ ಚೀಲವನ್ನು ಮಡಿಸತೊಡಗಿದ.

ಮಾವನವರು ಚಾಣವನ್ನು ಮತ್ತೆ ಬೆಂಕಿಗಿಟ್ಟರು. ಅದು ಕೆಂಪಗಾಗುವ ತನಕ ಸುಮ್ಮನೆ ಕೂತಿದ್ದರು. ಆಮೇಲೆ ರುಮಾಲು ತೆಗೆದು ತೊಡೆಯ ಮೇಲಿಟ್ಟು, ಕಣ್ಣಿನ ಪಟ್ಟಿ ಎಳೆದುಹಾಕಿದರು. ಹೊಸ ಕಣ್ಣು ಬೆಂಕಿಯ ಬೆಳಕಿಗೆ ಚುಚ್ಚಿದಂತಾಗಿ ಪಟಪಟನೆ ಬಡಿಯಿತು. ಮೂತಿ ಮುಟ್ಟಿಸಿ, ಉಜ್ಜಿ, ಚಾಣವನ್ನು ಎತ್ತಿ ಹಿಡಿದರು. ಈ ಸಲ ತಮ್ಮ ಮುಖದ ಹತ್ತಿರವಲ್ಲ, ನಡುವೆ, ಇಬ್ಬರಿಗೂ ಕಾಣುವ ಹಾಗೆ.

“ಮಾಂತು.”

“ಅಪ್ಪಾ.”

“ಏನ ಕಾಣ್ತದ ಹೇಳು.”

ಇಷ್ಟು ವರ್ಷ ಯಾರೂ ಮಾಂತುವನ್ನು ಹಾಗೆ ಕೇಳಿರಲಿಲ್ಲ.

“ಹೇಳಲೇ! ಬಣ್ಣ ನಿನ್ನ ಸಲುವಾಗಿ ನಿಂತಿರ್ತದೇನು?”

“ಗೋಧಿ ರೀ,” ಎಂದರು ಮಾಂತು. “ಗೋಧಿ ಬಂತು.”

“ಈಗ?”

“ಬೆಲ್ಲ.”

“ಈಗ? ನೀಲಿ ಆತಲ್ಲ. ಅದ್ದಲೇನು?”

“ಇನ್ನೂ ಇಲ್ರಿ.”

ಮಾವನವರ ಕೈ ನೀರಿನ ದೋಣಿಯ ಮೇಲೆ ನಿಂತಿತ್ತು. ಅದ್ದು ಎಂದು ಅವರ ಕಣ್ಣು ಹೇಳುತ್ತಿದೆ, ಇನ್ನೂ ಇಲ್ಲ ಎಂದು ಮಗ ಹೇಳುತ್ತಿದ್ದಾನೆ. ಅವರು ತಮ್ಮ ಕಣ್ಣನ್ನು ನಂಬುತ್ತಾರೋ ಮಗನ ಮಾತನ್ನೋ, ಅಷ್ಟೇ ಉಳಿದಿತ್ತು.

“ಇನ್ನೂ ಇಲ್ಲ,” ಎಂದರು ಮಾಂತು ಮತ್ತೊಮ್ಮೆ. “ಬದನಿಕಾಯಿ ಬರ್ಲಿ.”

ಆಗ ಮಾವನವರು ಇಕ್ಕಳ ಹಿಡಿದ ಕೈಯನ್ನು ದೋಣಿಯಿಂದ ಹಿಂದಕ್ಕೆ ತಂದು ಮಗನ ಕಡೆ ಚಾಚಿದರು.

“ಹಿಡಿ.”

ಮಾಂತು ಹಿಡಿದರು. ಒಂದು ಉಸಿರು ಕಾದರು. ಅದ್ದಿದರು. ನೀರು ಚುಂಯ್ ಎಂದಿತು, ಆವಿ ಎದ್ದು ಇಬ್ಬರ ಮುಖವನ್ನೂ ಮುಚ್ಚಿತು.

ಆವಿ ಕರಗಿದಾಗ ಮೊದಲು ಮಾತಾಡಿದವರು ಮಾವನವರು.

“ಬದನಿಕಾಯಿ ಅಂದೇನಲೇ?”

“ಹೌದ್ರಿ.”

“ನಮ್ಮಪ್ಪ ಅದಕ್ಕ ಪಾರಿವಾಳದ ಕುತಗಿ ಅಂತಿದ್ದ.”

“ನೀವು ಎಂದೂ ಬಾಯಿಬಿಟ್ಟು ಹೇಳಿಲ್ಲಲ್ರಿ. ನನಗ ಕಂಡದ್ದು ನಾ ಹೆಸರಿಟ್ಕೊಂಡೆ.”

ಹೌದು, ಮಾವನವರು ಎಂದೂ ಹೇಳಿರಲಿಲ್ಲ.

“ಗೋಧಿ, ಬೆಲ್ಲ, ಬದನಿಕಾಯಿ,” ಎಂದ ಗುರಣ್ಣ ಕಟ್ಟೆಯಿಂದ. “ಕಾಕಾ, ನಿಮ್ಮ ಮಗಗ ಹಸಿವಿ ಆಗೇದ್ರಿ. ಮೊದಲು ಉಣಸ್ರಿ ಅಂವನ್ನ.”

ಮಾವನವರು ನಕ್ಕುಬಿಟ್ಟರು. ನಗುತ್ತಲೇ ಮಂಡಿಗೆ ಕೈ ಊರಿ ಎದ್ದರು. ಮಣೆಯ ಮೇಲಿನ ಬೂದಿಯನ್ನು ರುಮಾಲಿನಿಂದ ಝಾಡಿಸಿ, “ಕುಂದ್ರು,” ಎಂದರು. ಮಾಂತು ನಿಂತೇ ಇದ್ದರು. “ಕುಂದ್ರಲೇ. ಗುರಣ್ಣಗ ಹೊತ್ತಾತು.” ತಾವು ಬೆಂಕಿಗೆ ಗಾಳಿ ಹಾಕುವ ಪಂಖದ ಹಿಡಿಕೆಯ ಹತ್ತಿರ ಹೋಗಿ ಕೂತರು.

ಅಂದು ನಾನು ಆಫೀಸಿಗೆ ತಡವಾಗಿ ಹೋದೆ. ಡಬ್ಬಿಯ ಅನ್ನ ತಣ್ಣಗಾಯಿತು, ಯಾರೂ ಕೇಳಲಿಲ್ಲ. ಪಂಖ ತಿರುವುತ್ತ ಮಾವನವರು ಪ್ರತಿ ಚಾಣಕ್ಕೂ ಕತ್ತು ಚಾಚಿ ಹೊಸ ಕಣ್ಣಿನಿಂದ ನೋಡಿ, “ಇದು ಬದನಿಕಾಯಿ?” ಎಂದು ಕೇಳುತ್ತಿದ್ದರು. “ಇನ್ನೂ ಇಲ್ರಿ.” “ಇದು?” “ಹಾಂ, ಇದು.” ಚುಂಯ್. ಕೊನೆಕೊನೆಗೆ ಅವರೇ ಮೊದಲು ಹೇಳಿದರು, ಸರಿಯಾಗಿಯೇ ಹೇಳಿದರು. ಮಾಂತು ಅದ್ದಿದರು. ಮಾವನವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಸುಟ್ಟ ಹುಬ್ಬು, ಅರ್ಧವೇ ಉಳಿದಿತ್ತು.

ಎಡಗಣ್ಣಿನ ಆಪರೇಶನ್ನಿಗೆ ನಾವು ಮುಂದಿನ ವಾರವೇ ಹೋದೆವು, ಮಾವನವರು, ಅತ್ತೆ, ನಾನು. ಬೆಳಿಗ್ಗೆಯೇ ಕರೆದಿದ್ದರು. ನಾನು ಔಷಧದ ಚೀಟಿ, ನೀರಿನ ಬಾಟ್ಲಿ, ಬಿಸ್ಕೀಟು, ಒಂದು ಹೆಚ್ಚಿನ ಪಂಚೆ ಎಲ್ಲ ಇದೆಯೇ ಎಂದು ಚೀಲದಲ್ಲಿ ಮತ್ತೆ ಮತ್ತೆ ಕೈಯಾಡಿಸುತ್ತಿದ್ದೆ. ಅತ್ತೆ ನನ್ನ ಕೈ ಹಿಡಿದು ಸುಮ್ಮನೆ ಕೂರಿಸಿದರು. ನರ್ಸು ಬಂದು ಮಾವನವರಿಗೆ ಹಸಿರು ಟೊಪ್ಪಿಗೆ ಹಾಕಿದಳು. ಹೋದ ಸಲ ಮಾಂತು ಅಂಗಡಿ ಮುಚ್ಚಿ ಜೊತೆಗೆ ಬಂದದ್ದು ಅವಳಿಗೆ ನೆನಪಿತ್ತು.

“ಮುಲಗಾ ನಾಹೀ ಆಲಾ, ಆಜೋಬಾ?” ಮಗ ಬರಲಿಲ್ಲವೇ ಅಜ್ಜಾ, ಎಂದು ಕೇಳಿದಳು.

“ತೋ ಕಸಾ ಯೇಣಾರ?” ಎಂದರು ಮಾವನವರು. “ದುಕಾನ್ ತ್ಯಾಚಂ ಆಹೆ.”

ಅವನು ಹೇಗೆ ಬಂದಾನು, ಅಂಗಡಿ ಅವನದು. ಮನೆಯಲ್ಲಿ ಅವರು ಈ ಮಾತನ್ನು ಮಗನಿಗಾಗಲಿ ಅತ್ತೆಗಾಗಲಿ ಹೇಳಿರಲಿಲ್ಲ. ಗುರುತಿಲ್ಲದ ಹುಡುಗಿಗೆ, ಮರಾಠಿಯಲ್ಲಿ, ಟೊಪ್ಪಿಗೆಯ ದಾರ ಸರಿಮಾಡಿಕೊಳ್ಳುತ್ತ ಹೇಳಿಬಿಟ್ಟರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, “ಟೊಪ್ಪಿಗಿ ಚಲೋ ಕಾಣ್ತದ ನಿಮಗ,” ಎಂದರು.

ಅವರು ಚಪ್ಪಲಿ ಬಿಟ್ಟು ನರ್ಸಿನ ಹಿಂದೆ ಒಳಗೆ ಹೋದರು. ಬಾಗಿಲಲ್ಲಿ ಒಮ್ಮೆ ನಿಂತು, ತಿರುಗಿ, ಅಂಗಡಿಗೆ ಡಬ್ಬಿ ಕಳಿಸುವುದನ್ನು ಮರೆಯಬೇಡ ಎಂದು ನನಗೆ ಹೇಳಿದರು.